ಬಯಲಲ್ಲಿ ಕುಳಿತು ವೈನ್: ಬೆಳಗಾವಿಯ ಸಂಜೆಗೆ ಯಾವ ಜಾಗ, ಯಾವ ಗ್ಲಾಸು, ಯಾವ ತಿನಿಸು

ಬೆಳಗಾವಿಯಲ್ಲಿ ಸಂಜೆಯ ಹೊತ್ತು ಹೊರಗಡೆ ಕುಳಿತು, ಸಣ್ಣ ಸಣ್ಣ ಪ್ಲೇಟುಗಳನ್ನು ತರಿಸಿ ಹಂಚಿಕೊಂಡು ತಿನ್ನುತ್ತ ಒಂದೆರಡು ಗ್ಲಾಸು ವೈನ್ ಕುಡಿಯಬೇಕೆನ್ನುವವರ ಮುಂದೆ ನಾಲ್ಕು ಬಗೆಯ ಜಾಗಗಳಿರುತ್ತವೆ. ಬಡಾವಣೆಯ ಒಳಗೆ, ಮನೆಗಳ ನಡುವೆ, ಅಂಗಳದಲ್ಲಿ ಹತ್ತು ಹನ್ನೆರಡು ಟೇಬಲ್ ಹಾಕಿಕೊಂಡು ವೈನಿಗೆ ಒಂದಿಷ್ಟು ಮಹತ್ವ ಕೊಡುವ ಚಿಕ್ಕ ಬಾರು ಒಂದು; ಊರ ಹೊರಗೆ ಹೆದ್ದಾರಿಯ ಬದಿಯಲ್ಲಿರುವ ಗಾರ್ಡನ್ ರೆಸ್ಟೋರೆಂಟು ಇನ್ನೊಂದು; ದೊಡ್ಡ ಹೋಟೆಲಿನ ಟೆರೇಸು ಮೂರನೆಯದು; ನಾಲ್ಕನೆಯದು ನಮ್ಮದೇ ಮನೆಯ ಮಾಳಿಗೆ. ಹೆಚ್ಚಿನವರು ಮೆನುವಿನಲ್ಲಿ ಎಷ್ಟು ವೈನ್‌ಗಳ ಹೆಸರಿದೆ, ಫೋಟೋದಲ್ಲಿ ಲೈಟಿನ ಸರಗಳು ಎಷ್ಟು ಚೆನ್ನಾಗಿ ಕಾಣುತ್ತವೆ ಎಂಬುದನ್ನು ನೋಡಿ ಜಾಗವನ್ನು ಆರಿಸಿಕೊಳ್ಳುತ್ತಾರೆ. ಬಯಲಲ್ಲಿ ಕೂರುವುದಾದರೆ ಮೊದಲು ನೋಡಬೇಕಾದದ್ದು ಬಾಟಲಿಯನ್ನು ಎಲ್ಲಿ, ಎಷ್ಟು ತಂಪಿನಲ್ಲಿ ಇಟ್ಟಿದ್ದಾರೆ ಎಂಬುದನ್ನು. ಆಮೇಲೆ ಅಡುಗೆಮನೆಯಿಂದ ಪ್ಲೇಟುಗಳು ಯಾವ ಗತಿಯಲ್ಲಿ ಬರುತ್ತವೆ ಎಂಬುದನ್ನು. ವೈನಿನ ಹೆಸರು ಇವೆರಡರ ನಂತರ ಬರಬೇಕಾದ ಪ್ರಶ್ನೆ ಎಂಬುದು ನನ್ನ ಅಭಿಪ್ರಾಯ.

ಸೆಕೆ ಮತ್ತು ಬಾಟಲಿ

ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕೊಡಬೇಕೆಂಬ ಮಾತನ್ನು ನಮ್ಮ ಕಡೆಯ ವೇಟರುಗಳೂ ಗಿರಾಕಿಗಳೂ ಬಾಯಿಪಾಠ ಮಾಡಿಕೊಂಡಿದ್ದಾರೆ. ಆ ಕೋಣೆ ಯುರೋಪಿನದು, ಅದೂ ಹೀಟರುಗಳಿಲ್ಲದ ಕಾಲದ್ದು. ಕೆಂಪು ವೈನ್ 14ರಿಂದ 18 ಡಿಗ್ರಿ ಸೆಲ್ಸಿಯಸ್ ಒಳಗೆ, ಬಿಳಿ ವೈನ್ ಸುಮಾರು 8ರಿಂದ 12 ಡಿಗ್ರಿಯಲ್ಲಿ ಇದ್ದಾಗ ಅವುಗಳ ರುಚಿ ಸರಿಯಾಗಿ ತಿಳಿಯುತ್ತದೆ. ಅದಕ್ಕಿಂತ ಬಿಸಿಯಾದರೆ ಆಲ್ಕೋಹಾಲಿನ ಘಾಟು ಮೇಲೆದ್ದು ಹಣ್ಣಿನ ಪರಿಮಳ ಅಡಗಿಹೋಗುತ್ತದೆ. ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿರುವ ಬೆಳಗಾವಿಯಲ್ಲಿ ನವೆಂಬರಿನಿಂದ ಫೆಬ್ರವರಿಯವರೆಗೆ ರಾತ್ರಿಯ ಗಾಳಿಯೇ ಕೆಂಪು ವೈನಿಗೆ ಹೇಳಿ ಮಾಡಿಸಿದಂತಿರುತ್ತದೆ. ಅದೇ ಏಪ್ರಿಲ್ ತಿಂಗಳಲ್ಲಿ ವಿಜಯಪುರದಲ್ಲೋ ಬಾಗಲಕೋಟೆಯಲ್ಲೋ ಹಗಲಿನ ಬಿಸಿಲು 40 ಡಿಗ್ರಿಯ ಆಸುಪಾಸು ಇರುವಾಗ, ರಾತ್ರಿ ಎಂಟಕ್ಕೆ ಕುರ್ಚಿಯ ಕಬ್ಬಿಣವೂ ಕಾಲ ಕೆಳಗಿನ ಶಹಾಬಾದ್ ಕಲ್ಲೂ ಇನ್ನೂ ಸೆಕೆಯನ್ನು ಉಗುಳುತ್ತಿರುತ್ತವೆ. ಅಲ್ಲಿ ಟೇಬಲ್ ಮೇಲಿಟ್ಟ ಗ್ಲಾಸು ನೋಡನೋಡುತ್ತಲೇ ಬೆಚ್ಚಗಾಗುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ಕೆಂಪು ವೈನನ್ನು ಕೇಳುವವರು ಅದನ್ನೂ ಅರ್ಧ ತಾಸು ಫ್ರಿಜ್ಜಿನಲ್ಲಿಟ್ಟು ತರುವಂತೆ ಹೇಳಲು ಸಂಕೋಚಪಡಬೇಕಾಗಿಲ್ಲ.

ಬಾರಿನ ಒಳಗೆ ಒಮ್ಮೆ ಕಣ್ಣು ಹಾಯಿಸಿದರೆ ಅರ್ಧ ಉತ್ತರ ಸಿಗುತ್ತದೆ. ಕೌಂಟರಿನ ಹಿಂದೆ, ಬಣ್ಣದ ಲೈಟಿನ ಮುಂದೆ, ವಿಸ್ಕಿ ಬಾಟಲಿಗಳ ಸಾಲಿನಲ್ಲಿಯೇ ವೈನ್ ಬಾಟಲಿಗಳನ್ನು ತಿಂಗಳುಗಟ್ಟಲೆ ನೆಟ್ಟಗೆ ನಿಲ್ಲಿಸಿದ್ದರೆ ಆ ಜಾಗದಲ್ಲಿ ಬಿಯರ್ ಕುಡಿಯುವುದೇ ಲೇಸು. ವಿಸ್ಕಿ ಆ ಬೆಳಕನ್ನೂ ಸೆಕೆಯನ್ನೂ ತಡೆದುಕೊಳ್ಳುತ್ತದೆ, ವೈನ್ ತಡೆದುಕೊಳ್ಳುವುದಿಲ್ಲ. ಬಾಟಲಿಯನ್ನು ಟೇಬಲಿಗೆ ತಂದಾಗ ಕುತ್ತಿಗೆಯ ಭಾಗವನ್ನು ಬೆರಳಿನಿಂದ ಸವರಿ ನೋಡಿ. ಕಾರ್ಕ್ ಇರುವ ಬಾಟಲಿ ಸೆಕೆಗೆ ಸಿಕ್ಕಿದ್ದರೆ ಒಳಗಿನ ವೈನ್ ಹಿಗ್ಗಿ ಕಾರ್ಕನ್ನು ಮೇಲಕ್ಕೆ ತಳ್ಳಿರುತ್ತದೆ. ಮೇಲಿನ ಹಾಳೆ ಉಬ್ಬಿರುತ್ತದೆ, ಅದರ ಅಂಚಿನಲ್ಲಿ ಸೋರಿ ಒಣಗಿದ ಅಂಟು ಬೆರಳಿಗೆ ಹತ್ತುತ್ತದೆ. ಅಂಥ ಬಾಟಲಿಯನ್ನು ತೆರೆಯುವ ಮೊದಲೇ ಬೇಡವೆನ್ನಬೇಕು. ತೆರೆದ ಮೇಲೆ ಜಗಳ ಬೆಳೆಯುತ್ತದೆ. ತಿರುಗಿಸಿ ತೆಗೆಯುವ ಮುಚ್ಚಳದ ಬಾಟಲಿಯನ್ನು ಅಗ್ಗದ್ದೆಂದು ಮೂಗು ಮುರಿಯುವವರು ಇನ್ನೂ ಇದ್ದಾರೆ, ಆದರೆ ನಮ್ಮ ಹವೆಯಲ್ಲಿ ಬೇಗ ಕುಡಿಯುವ ವೈನಿಗೆ ಅದೇ ಹೆಚ್ಚು ಭರವಸೆಯದು.

ನಾಲ್ಕು ಜಾಗಗಳು

ಬಡಾವಣೆಯ ಚಿಕ್ಕ ಬಾರಿನ ದೊಡ್ಡ ಅನುಕೂಲವೆಂದರೆ ಅಲ್ಲಿಯ ಮಾಲೀಕ ಸಾಮಾನ್ಯವಾಗಿ ಕಣ್ಣೆದುರಿಗೇ ಇರುತ್ತಾನೆ. ಯಾವ ಬಾಟಲಿಯನ್ನು ಯಾವಾಗ ತೆರೆದದ್ದು ಎಂದು ಕೇಳಿದರೆ ಉತ್ತರ ಕೊಡುವವರು ಅಲ್ಲಿ ಸಿಗುತ್ತಾರೆ. ವೈನ್ ಪಟ್ಟಿ ಚಿಕ್ಕದಾಗಿರುತ್ತದೆ, ಅದು ಕೊರತೆಯಲ್ಲ. ಆರು ವೈನ್ ಇಟ್ಟು ಆರನ್ನೂ ಖರ್ಚು ಮಾಡುವ ಬಾರು, ನಲವತ್ತು ಹೆಸರು ಬರೆದು ಮೂವತ್ತನ್ನು ಧೂಳು ಹಿಡಿಸುವ ಬಾರಿಗಿಂತ ಮೇಲು. ಟಿಳಕವಾಡಿ, ಹಿಂದವಾಡಿ, ಕ್ಯಾಂಪ್ ಕಡೆಯ ನಿವಾಸಿಗಳಿಗೆ ನಡೆದು ಹೋಗಿ ನಡೆದು ಬರುವ ದೂರದಲ್ಲಿ ಇಂಥದೊಂದು ಇದ್ದರೆ ಬೇರೆ ಯೋಚನೆಯೇ ಬೇಡ. ಅನನುಕೂಲವೂ ಬಡಾವಣೆಯದ್ದೇ. ಸುತ್ತ ಮನೆಗಳಿರುವುದರಿಂದ ರಾತ್ರಿ 10 ಗಂಟೆಯ ನಂತರ ಬಯಲಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳು ಹಾಗೆ ಹೇಳುತ್ತವೆ. ಮಾತಾಡಲೆಂದೇ ಹೋಗುವವರಿಗೆ ಇದು ವರವೇ ಸರಿ. ಕುಳಿತುಕೊಳ್ಳುವ ಜಾಗ ಇಕ್ಕಟ್ಟಾದ್ದರಿಂದ ಪಕ್ಕದ ಟೇಬಲಿನ ಸಿಗರೇಟಿನ ಹೊಗೆ ನೇರವಾಗಿ ನಮ್ಮ ಗ್ಲಾಸಿಗೇ ಬರುತ್ತದೆ, ಹೊಗೆಯಲ್ಲಿ ವೈನಿನ ಪರಿಮಳವನ್ನು ಹುಡುಕುವುದು ವ್ಯರ್ಥ. ಗಾಳಿ ಬೀಸುವ ದಿಕ್ಕನ್ನು ನೋಡಿ ಅಂಚಿನ ಟೇಬಲನ್ನು ಕೇಳಿ ಪಡೆಯಬೇಕು.

ಹೆದ್ದಾರಿ ಬದಿಯ ಗಾರ್ಡನ್ ರೆಸ್ಟೋರೆಂಟಿನಲ್ಲಿ ಜಾಗ ಧಾರಾಳ, ಹುಲ್ಲುಹಾಸು ಇರುತ್ತದೆ, ಮಕ್ಕಳು ಓಡಾಡಬಹುದು, ಮಟನ್ ಮತ್ತು ತಂದೂರಿ ಚೆನ್ನಾಗಿರುತ್ತವೆ. ಆದರೆ ಅದು ಬಿಯರ್ ಮತ್ತು ವಿಸ್ಕಿಯ ಲೋಕ. ವೈನ್ ಕೇಳಿದಾಗ ಹುಡುಗ ಒಳಗೆ ಹೋಗಿ ವಿಚಾರಿಸಿಕೊಂಡು ಬರುತ್ತಾನೆ. ಹೆಣ್ಣುಮಕ್ಕಳು ಜೊತೆಗಿದ್ದರೆ ಫ್ಯಾಮಿಲಿ ಸೆಕ್ಷನ್ ಎಂದು ಒಳಗಿನ ಪರದೆ ಹಾಕಿದ ಕೋಣೆಯತ್ತ ಕೈ ತೋರಿಸುವ ರೂಢಿ ಇನ್ನೂ ಹೋಗಿಲ್ಲ, ಬಯಲಲ್ಲಿ ಕೂರಲೆಂದೇ ಬಂದವರಿಗೆ ಇದಕ್ಕಿಂತ ಕಿರಿಕಿರಿ ಬೇರೆ ಇಲ್ಲ. ಟೇಬಲ್ ಕಾದಿರಿಸುವಾಗಲೇ ಫೋನಿನಲ್ಲಿ ಇದನ್ನು ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು. ದೂರದ ಕಾರಣದಿಂದ ವಾಹನ ತೆಗೆದುಕೊಂಡು ಹೋಗಲೇಬೇಕಾಗುತ್ತದೆ, ಅದು ಇನ್ನೊಂದು ತೊಡಕು.

ಹೋಟೆಲಿನ ಟೆರೇಸಿನಲ್ಲಿ ವೈನಿನ ಫ್ರಿಜ್ ಇರುವ ಸಂಭವ ಹೆಚ್ಚು, ಗ್ಲಾಸುಗಳು ಸರಿಯಾದ ಆಕಾರದವಾಗಿರುತ್ತವೆ, ದರವೂ ಅದಕ್ಕೆ ತಕ್ಕಂತೆ ಏರಿರುತ್ತದೆ. ಅಲ್ಲಿ ನನಗೆ ಹಿಡಿಸದಿರುವುದು ಗಾಳಿ. ಘಟ್ಟದ ಅಂಚಿನ ಊರಿನಲ್ಲಿ ಐದಾರು ಅಂತಸ್ತು ಮೇಲೆ ಹೋದರೆ ಜೂನಿನಿಂದ ಮುಂದೆ ಗಾಳಿ ನ್ಯಾಪ್‌ಕಿನ್ನನ್ನೂ ಬಿಡುವುದಿಲ್ಲ, ಬಿಸಿ ಕಬಾಬು ಎರಡನೆಯ ತುಂಡಿಗೇ ತಣ್ಣಗಾಗಿರುತ್ತದೆ. ಚಳಿಗಾಲದಲ್ಲಿ, ವಿಶೇಷ ಸಂದರ್ಭಕ್ಕೆ, ಖರ್ಚಿನ ಚಿಂತೆಯಿಲ್ಲದಿದ್ದಾಗ ಟೆರೇಸು ಸರಿ.

ಮನೆಯ ಮಾಳಿಗೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅಗ್ಗ, ಬಾಟಲಿ ನಮ್ಮದೇ ಫ್ರಿಜ್ಜಿನಲ್ಲಿರುತ್ತದೆ, ತಿನಿಸು ನಮಗೆ ಬೇಕಾದದ್ದು. ಆದರೆ ಯಾರಾದರೊಬ್ಬರು ಸಂಜೆಯೆಲ್ಲ ಮೆಟ್ಟಿಲು ಹತ್ತಿ ಇಳಿಯಬೇಕು, ಅದು ಯಾರ ಪಾಲಿಗೆ ಬರುತ್ತದೆಂಬುದು ಎಲ್ಲ ಮನೆಗಳಲ್ಲಿಯೂ ಗೊತ್ತಿರುವ ಸಂಗತಿ. ಬಾಟಲಿಯನ್ನು ಊರಿನ ಅಂಗಡಿಯಿಂದಲೇ ತರಬೇಕು. ಚೋರ್ಲಾ ಘಾಟಿನ ಆಚೆ ಗೋವಾದಲ್ಲಿ ಅಗ್ಗವೆಂದು ಪರವಾನಗಿ ಇಲ್ಲದೆ ಕಾರಿನಲ್ಲಿ ತರುವುದು ಅಬಕಾರಿ ಅಪರಾಧ, ಕಣಕುಂಬಿಯ ತಪಾಸಣಾ ಠಾಣೆ ಇರುವುದೇ ಅದಕ್ಕಾಗಿ. ಅಂಗಡಿಯ ಹೊರಗೇ ನಿಂತು ಕುಡಿಯುವುದಂತೂ ಆಯ್ಕೆಯೇ ಅಲ್ಲ. ಚಿಲ್ಲರೆ ಮಾರಾಟದ ಸಿಎಲ್-2 ಪರವಾನಗಿಯ ಅಂಗಡಿಯಲ್ಲಿ ಬಾಟಲಿಯನ್ನು ಕೊಂಡು ಒಯ್ಯಬಹುದೇ ಹೊರತು ಅಲ್ಲಿ ಕುಡಿಯುವಂತಿಲ್ಲ, ಕುಳಿತು ಕುಡಿಯಲು ಸಿಎಲ್-9 ಪರವಾನಗಿಯ ಬಾರೋ ಸಿಎಲ್-7 ಇರುವ ವಸತಿಗೃಹವೋ ಬೇಕು.

ಗ್ಲಾಸೋ, ಬಾಟಲಿಯೋ

ಪೂರ್ಣ ಬಾಟಲಿ 750 ಮಿಲಿಲೀಟರ್. ಗ್ಲಾಸಿಗೆ 150 ಮಿಲಿ ಹಾಕಿದರೆ ಐದು ಗ್ಲಾಸು ಬರುತ್ತದೆ. ವಿಸ್ಕಿಯನ್ನು 30 ಮತ್ತು 60ರ ಅಳತೆಯಲ್ಲಿ ಹನಿ ಲೆಕ್ಕಕ್ಕೆ ಸುರಿಯುವ ಬಾರುಗಳು ವೈನಿನ ವಿಷಯಕ್ಕೆ ಬಂದಾಗ ಕಣ್ಣಳತೆಗೆ ಇಳಿಯುತ್ತವೆ; ಆದ್ದರಿಂದ ಒಂದು ಗ್ಲಾಸೆಂದರೆ ಎಷ್ಟು ಮಿಲಿ ಎಂದು ಕೇಳಿಯೇ ಬಿಡಬೇಕು. ಒಂದು ಗ್ಲಾಸಿನ ದರವನ್ನು ಐದರಿಂದ ಗುಣಿಸಿ ಬಾಟಲಿಯ ದರದೊಂದಿಗೆ ಹೋಲಿಸಿದರೆ ಯಾವುದು ಲಾಭವೆಂದು ಕುಳಿತಲ್ಲೇ ಗೊತ್ತಾಗುತ್ತದೆ. ನಾಲ್ವರು ಒಂದೇ ವೈನ್ ಕುಡಿಯುವವರಾದರೆ ಬಾಟಲಿ; ಇಬ್ಬರಿದ್ದು ಒಬ್ಬರು ಮೀನು, ಇನ್ನೊಬ್ಬರು ಮಟನ್ ತಿನ್ನುವವರಾದರೆ ಗ್ಲಾಸು.

ಗ್ಲಾಸಿನ ಲೆಕ್ಕದಲ್ಲಿ ತರಿಸುವಾಗ ಒಂದು ಅಪಾಯ ಇದ್ದೇ ಇದೆ. ತೆರೆದ ಬಾಟಲಿ ಮುಚ್ಚಳ ಹಾಕಿ ಫ್ರಿಜ್ಜಿನಲ್ಲಿಟ್ಟರೂ ಮೂರ್ನಾಲ್ಕು ದಿನಗಳ ನಂತರ ಗಾಳಿಯ ಸಂಪರ್ಕದಿಂದ ಕಳೆಗುಂದುತ್ತದೆ. ವೈನಿಗೆ ಗಿರಾಕಿ ಕಡಿಮೆಯಿರುವ ಬಾರಿನಲ್ಲಿ ಕಳೆದ ವಾರ ತೆರೆದ ಬಾಟಲಿಯ ತಳ ನಮ್ಮ ಗ್ಲಾಸಿಗೆ ಬರಬಹುದು. ಮೂಗಿನ ಹತ್ತಿರ ಹಿಡಿದಾಗ ವಿನೆಗರಿನ ಹುಳಿ ವಾಸನೆಯೋ, ಒಣಗಿದ ಸೇಬಿನ ವಾಸನೆಯೋ ಬಂದರೆ, ಬಿಳಿ ವೈನ್ ಕಂದು ಬಣ್ಣಕ್ಕೆ ತಿರುಗಿದ್ದರೆ, ವಿನಯದಿಂದಲೇ ವಾಪಸು ಕಳಿಸಬೇಕು. ಶುಕ್ರವಾರ, ಶನಿವಾರ ಬಾಟಲಿಗಳು ಬೇಗ ಖಾಲಿಯಾಗುವುದರಿಂದ ಗ್ಲಾಸು ತರಿಸುವುದಕ್ಕೆ ಆ ದಿನಗಳೇ ಕ್ಷೇಮ. ಮಂಗಳವಾರ ಹೋಗುವವರು ತಮ್ಮೆದುರಿಗೇ ಹೊಸ ಬಾಟಲಿ ತೆರೆಸಿಕೊಳ್ಳಬೇಕು.

ಯಾವ ಊರಿನ ವೈನ್

ಆಮದು ವೈನಿನ ಮೇಲೆ ಭಾರತ ಬಹುಕಾಲ ವಿಧಿಸುತ್ತ ಬಂದ 150 ಶೇಕಡಾ ಸುಂಕದಿಂದಾಗಿ ಬಾರಿನಲ್ಲಿ ವಿದೇಶದ ಸಾಧಾರಣ ಬಾಟಲಿಗೂ ಒಳ್ಳೆಯ ಬಾಟಲಿಯ ಬೆಲೆ ತೆರಬೇಕಾಗುತ್ತದೆ. ಬಡಾವಣೆಯ ಬಾರಿನಲ್ಲಿ ದೇಶದ ವೈನನ್ನೇ ಆರಿಸಿಕೊಳ್ಳುವುದು ಬುದ್ಧಿವಂತಿಕೆ. ನಾಸಿಕದ ಸುಲಾ, ಸೊಲ್ಲಾಪುರ ಜಿಲ್ಲೆಯ ಅಕ್ಲೂಜ್‌ನ ಫ್ರಾಟೆಲ್ಲಿ, ನಂದಿಬೆಟ್ಟದ ತಪ್ಪಲಿನ ಗ್ರೋವರ್, ಹಂಪಿ ಸೀಮೆಯ ಕೃಷ್ಮಾ ಇವೆಲ್ಲ ನಮ್ಮಿಂದ ಒಂದು ದಿನದ ಪ್ರಯಾಣದ ಒಳಗಿನ ತೋಟಗಳವೇ.

ದ್ರಾಕ್ಷಿಯ ನಾಡೇ ನಮ್ಮದಾಗಿರುವಾಗ ವಿಜಯಪುರದ ವೈನ್ ಏಕೆ ಎಲ್ಲೆಡೆ ಸಿಗುವುದಿಲ್ಲ ಎಂದು ಕೇಳುವವರಿದ್ದಾರೆ. ತಿಕೋಟಾ, ಬಬಲೇಶ್ವರ ಭಾಗದಲ್ಲಿ ಹನಿ ನೀರಾವರಿಯ ಮೇಲೆ ಬೆಳೆಯುವ ದ್ರಾಕ್ಷಿಯಲ್ಲಿ ಬಹುಪಾಲು ಥಾಮ್ಸನ್ ಸೀಡ್‌ಲೆಸ್ ಮತ್ತು ಅದರಿಂದ ಹುಟ್ಟಿದ ತಳಿಗಳು. ಅವು ತಿನ್ನಲಿಕ್ಕೂ ಒಣದ್ರಾಕ್ಷಿಗೂ ಹೇಳಿ ಮಾಡಿಸಿದವು. ವೈನಿಗೆ ಬೇಕಾಗುವುದು ಚಿಕ್ಕ ಕಾಯಿಯ, ದಪ್ಪ ಸಿಪ್ಪೆಯ, ಬೀಜವಿರುವ ಕ್ಯಾಬರ್ನೆ ಸಾವಿನ್ಯೋ, ಶಿರಾಜ್‌ನಂಥ ತಳಿಗಳು, ಏಕೆಂದರೆ ಕೆಂಪು ವೈನಿನ ಬಣ್ಣವೂ ಒಗರೂ ಬರುವುದು ಸಿಪ್ಪೆ ಮತ್ತು ಬೀಜಗಳಿಂದಲೇ. ರಾಜ್ಯ ಸರ್ಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ತಂದಾಗ ನಂದಿ ಕಣಿವೆಯ ಜೊತೆ ಕೃಷ್ಣಾ ಕಣಿವೆಯನ್ನೂ ವೈನ್ ಪ್ರದೇಶವೆಂದು ಗುರುತಿಸಿತು. ಬಾರಿನ ಪಟ್ಟಿಯಲ್ಲಿ ಈ ಭಾಗದ ಬಾಟಲಿ ಕಂಡರೆ ಒಂದು ಗ್ಲಾಸು ತರಿಸಿ ನೋಡುವುದು ಯೋಗ್ಯ, ಊರಿನ ಅಭಿಮಾನಕ್ಕಾಗಿ ಮೊದಲೇ ಪೂರ್ಣ ಬಾಟಲಿ ತೆರೆಸುವುದು ಬೇಡ.

ಪ್ಲೇಟಿನ ಮೇಲಿನದು

ವೈನಿಗೆ ತಿನಿಸನ್ನು ಹೊಂದಿಸುವಾಗ ನಮ್ಮ ಕಡೆ ಅತಿ ಮುಖ್ಯವಾದದ್ದು ಖಾರ. ಆಲ್ಕೋಹಾಲು ಖಾರದ ಉರಿಯನ್ನು ಹೆಚ್ಚಿಸುತ್ತದೆ, ಒಗರಾದ ಕೆಂಪು ವೈನ್ ಖಾರದ ಮೇಲೆ ಬಿದ್ದಾಗ ಕಹಿಯಾಗುತ್ತದೆ. ತಂಪು ಮತ್ತು ತುಸು ಸಿಹಿ ಆ ಉರಿಯನ್ನು ತಣಿಸುತ್ತವೆ. ಹಾಗೆಂದು ಖಾರವೆಲ್ಲ ಒಂದೇ ಅಲ್ಲ. ಬ್ಯಾಡಗಿ ಮೆಣಸಿನಕಾಯಿಯಿಂದ ಕೆಂಪೇರಿದ ಕಬಾಬು ನೋಡಲು ಭಯ ಹುಟ್ಟಿಸಿದರೂ ಬಾಯಿಗೆ ಸೌಮ್ಯ, ಅದರ ಜೊತೆ ಹಗುರವಾದ ಕೆಂಪು ವೈನನ್ನು ಧೈರ್ಯವಾಗಿ ಕುಡಿಯಬಹುದು. ಸಂಕೇಶ್ವರದ ಮೆಣಸಿನಕಾಯಿ ಬಿದ್ದ ಕೊಲ್ಹಾಪುರ ಶೈಲಿಯ ತಾಂಬಡಾ ರಸ್ಸಾ, ಅಂದರೆ ಮಟನ್ನಿನ ಕೆಂಪು ಸಾರು, ಬೇರೆಯೇ ವಿಷಯ. ಅದನ್ನು ತರಿಸುವುದಾದರೆ ಚೆನ್ನಾಗಿ ತಂಪಾದ ಶೆನಿನ್ ಬ್ಲಾಂಕ್ ಎಂಬ ಬಿಳಿ ವೈನನ್ನು ಕೇಳಬೇಕು, ಅಥವಾ ವೈನನ್ನು ಪಕ್ಕಕ್ಕಿಟ್ಟು ಸೌಮ್ಯವಾದ ಬಿಳಿ ಸಾರು ಪಾಂಢರಾ ರಸ್ಸಾಕ್ಕೆ ಕೈಹಾಕಬೇಕು.

ಸಣ್ಣ ಪ್ಲೇಟುಗಳಲ್ಲಿ ವೈನಿಗೆ ಅತ್ಯುತ್ತಮ ಜೊತೆ ಯಾವುದೆಂದು ಕೇಳಿದರೆ ನಾನು ಹುರಿದ ಶೇಂಗಾವನ್ನೇ ಹೇಳುತ್ತೇನೆ, ಎಷ್ಟೋ ಬಾರುಗಳು ಅದನ್ನು ಪುಕ್ಕಟೆಯಾಗಿ ಕೊಡುತ್ತವೆ. ಅದರ ಎಣ್ಣೆ ಮತ್ತು ಉಪ್ಪು ಕೆಂಪು ವೈನಿನ ಒಗರನ್ನು ಮೆದುವಾಗಿಸುತ್ತವೆ. ಅದೇ ಶೇಂಗಾಕ್ಕೆ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಹೆಚ್ಚಿ ಹಾಕಿ ಲಿಂಬೆ ಹಿಂಡಿ ಮಸಾಲಾ ಮಾಡಿದರೆ ಲೆಕ್ಕ ಬದಲಾಗುತ್ತದೆ; ಇಂಡಿ ಲಿಂಬೆಯ ಹುಳಿಯ ಮುಂದೆ ಕೆಂಪು ವೈನ್ ಸಪ್ಪೆಯೆನಿಸುತ್ತದೆ, ಸಾವಿನ್ಯೋ ಬ್ಲಾಂಕ್‌ನಂಥ ಹುಳಿಯಿರುವ ಬಿಳಿ ವೈನ್ ಮಾತ್ರ ಎದುರು ನಿಲ್ಲುತ್ತದೆ. ಬದನೆಕಾಯಿ ಎಣ್ಣೆಗಾಯಿಯನ್ನು ಸಣ್ಣ ಬಟ್ಟಲಿನಲ್ಲಿ, ಖಡಕ್ ರೊಟ್ಟಿಯ ತುಂಡುಗಳೊಂದಿಗೆ ಕೊಡುವ ಅಡುಗೆಮನೆ ಸಿಕ್ಕರೆ ಬಿಡಬಾರದು: ಹುರಿದ ಗುರೆಳ್ಳು, ಶೇಂಗಾ, ಮಸಾಲೆಯ ಸುಟ್ಟ ಪರಿಮಳಕ್ಕೆ ಶಿರಾಜ್‌ನ ಕರಿಮೆಣಸಿನ ಛಾಯೆ ಬಹಳ ಚೆನ್ನಾಗಿ ಹೊಂದುತ್ತದೆ. ಸಸ್ಯಾಹಾರಿಗಳಿಗೆ ಗೋಬಿ ಮಂಚೂರಿ, ಪನೀರ್ ಚಿಲ್ಲಿ ಎರಡನ್ನೇ ತೋರಿಸುವ ಬಾರಿಗಿಂತ ಮಡಕಿಕಾಳಿನ ಉಸಳಿಯನ್ನೋ ಹೆಸರುಬೇಳೆ ಕೋಸಂಬರಿಯನ್ನೋ ಪ್ಲೇಟಿನಲ್ಲಿ ಇಡುವ ಬಾರು ನನ್ನ ಲೆಕ್ಕದಲ್ಲಿ ಎರಡು ಮೆಟ್ಟಿಲು ಮೇಲೆ. ಮಂಚೂರಿಯ ಸೋಯಾ ಸಾಸು ಮತ್ತು ಸಿಹಿ ಯಾವ ಡ್ರೈ ವೈನನ್ನೂ, ಅಂದರೆ ಸಿಹಿಯಿಲ್ಲದ ವೈನನ್ನೂ, ಬದುಕಗೊಡುವುದಿಲ್ಲ.

ಗೋವಾ, ಕಾರವಾರದ ಮೀನು ಬೆಳಗಾವಿಗೆ ಹತ್ತಿರವಾದ್ದರಿಂದ ಸುರಮಯಿಯ ರವಾ ಫ್ರೈ ಇಲ್ಲಿ ಸಹಜವಾದ ತಿನಿಸು. ಅದಕ್ಕೆ ತಂಪಾದ ಬಿಳಿ ವೈನ್ ಹೊರತು ಬೇರೆ ಯೋಚಿಸಬೇಡಿ. ಎಣ್ಣೆಯಂಶ ಹೆಚ್ಚಿರುವ ಬಾಂಗಡೆಯೊಂದಿಗೆ ಕೆಂಪು ವೈನ್ ಕುಡಿದರೆ ವೈನಿನಲ್ಲಿರುವ ಕಬ್ಬಿಣದ ಅಂಶದಿಂದಾಗಿ ಬಾಯಲ್ಲಿ ಲೋಹದ ರುಚಿ ಉಳಿಯುತ್ತದೆ. ಇನ್ನು ಊರಿನ ಕುಂದಾ. ಸಿಹಿ ತಿನಿಸು ವೈನಿಗಿಂತ ಹೆಚ್ಚು ಸಿಹಿಯಾಗಿದ್ದಾಗ ವೈನ್ ಬರೀ ಹುಳಿನೀರಿನಂತೆ ತೋರುತ್ತದೆ. ಕುಂದಾವನ್ನು ಕಟ್ಟಿಸಿಕೊಂಡು ಮನೆಗೆ ಒಯ್ಯುವುದೇ ಸರಿಯಾದ ಮರ್ಯಾದೆ.

ಪ್ಲೇಟುಗಳ ಗತಿಯೂ ರುಚಿಯಷ್ಟೇ ಮುಖ್ಯ. ಆರು ತಿನಿಸುಗಳನ್ನು ಒಟ್ಟಿಗೆ ಹೇಳಿದರೆ ಅಡುಗೆಮನೆ ಆರನ್ನೂ ಒಟ್ಟಿಗೆ ಕಳಿಸುತ್ತದೆ, ಅಂಗಳದ ಗಾಳಿಗೆ ಕರಿದದ್ದೆಲ್ಲ ಮೆತ್ತಗಾಗುತ್ತದೆ. ಮಳೆಗಾಲದಲ್ಲಂತೂ ಮಸಾಲಾ ಪಾಪಡ್ ಟೇಬಲಿಗೆ ಬರುವಷ್ಟರಲ್ಲೇ ಬಾಗಿರುತ್ತದೆ. ಎರಡೆರಡು ಪ್ಲೇಟು ಹೇಳುವುದು, ಒಂದು ಕರಿದದ್ದಾದರೆ ಇನ್ನೊಂದು ಹಸಿಯದ್ದು ಅಥವಾ ಬೇಯಿಸಿದ್ದು ಆಗಿರುವಂತೆ ನೋಡಿಕೊಳ್ಳುವುದು ಒಳ್ಳೆಯ ಕ್ರಮ. ಮುಂದಿನ ಎರಡು ಯಾವುವೆಂದು ಕೇಳುವುದಕ್ಕೆ ವೇಟರು ತಾನಾಗಿ ಬರುತ್ತಾನೋ ಇಲ್ಲವೋ ಎಂಬುದರಿಂದಲೇ ಆ ಜಾಗಕ್ಕೆ ಮತ್ತೆ ಹೋಗಬೇಕೋ ಬೇಡವೋ ಎಂದು ತೀರ್ಮಾನಿಸಬಹುದು. ಪ್ಲೇಟಿನಲ್ಲಿ ಎಷ್ಟು ತುಂಡು ಬರುತ್ತದೆಂದು ಮೊದಲೇ ಕೇಳಿಕೊಳ್ಳಿ. ನಾಲ್ವರ ಮುಂದೆ ಮೂರು ತುಂಡಿನ ಪ್ಲೇಟು ಬಂದಾಗ ಆಗುವ ಸಂಕೋಚ ಎಲ್ಲರಿಗೂ ಗೊತ್ತು.

ಬಿಲ್ಲು ಮತ್ತು ಮರಳುವ ದಾರಿ

ಬಿಲ್ಲನ್ನು ಹೋಲಿಸುವಾಗ ತಿನಿಸಿನ ಭಾಗವನ್ನೂ ಮದ್ಯದ ಭಾಗವನ್ನೂ ಬೇರೆ ಬೇರೆಯಾಗಿ ನೋಡಬೇಕು. ಕುಡಿಯುವ ಮದ್ಯ ಜಿಎಸ್‌ಟಿಯ ವ್ಯಾಪ್ತಿಗೆ ಬರುವುದಿಲ್ಲ. ಒಟ್ಟು ಮೊತ್ತದ ಮೇಲೆ ಜಿಎಸ್‌ಟಿ ಹಾಕಿದ್ದರೆ ತಿದ್ದಿಸಿ. ಸರ್ವಿಸ್ ಚಾರ್ಜನ್ನು ಗಿರಾಕಿಯ ಒಪ್ಪಿಗೆಯಿಲ್ಲದೆ ತಾನಾಗಿಯೇ ಬಿಲ್ಲಿಗೆ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲಿ ಮಾರ್ಗಸೂಚಿ ಹೊರಡಿಸಿದೆ, ದೆಹಲಿ ಹೈಕೋರ್ಟು 2025ರಲ್ಲಿ ಅದನ್ನು ಎತ್ತಿಹಿಡಿದಿದೆ. ಚೆನ್ನಾಗಿ ನೋಡಿಕೊಂಡ ಹುಡುಗನ ಕೈಗೆ ನೇರವಾಗಿ ಕೊಟ್ಟ ಹಣವೇ ಅವನಿಗೆ ಮುಟ್ಟುವ ಹಣ.

ವೈನೆಂದರೆ ಹಗುರವೆಂಬ ಭಾವನೆ ಗಾಡಿ ಓಡಿಸುವವರಲ್ಲಿ ಬಲವಾಗಿದೆ. ಬಿಯರಿನಲ್ಲಿ ಸಾಮಾನ್ಯವಾಗಿ 5ರಿಂದ 8 ಶೇಕಡಾ ಆಲ್ಕೋಹಾಲು ಇದ್ದರೆ ವೈನಿನಲ್ಲಿ 12ರಿಂದ 14 ಶೇಕಡಾ ಇರುತ್ತದೆ. 100 ಮಿಲಿ ರಕ್ತದಲ್ಲಿ ಆಲ್ಕೋಹಾಲು 30 ಮಿಲಿಗ್ರಾಂ ದಾಟಿದರೆ ಮೋಟಾರು ವಾಹನ ಕಾಯ್ದೆಯ 185ನೆಯ ಕಲಮಿನ ಪ್ರಕಾರ ಮೊದಲ ಅಪರಾಧಕ್ಕೇ ಆರು ತಿಂಗಳವರೆಗೆ ಸೆರೆ ಅಥವಾ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಈ ಒಂದು ಕಾರಣಕ್ಕೇ ಹೆದ್ದಾರಿಯ ಗಾರ್ಡನಿಗಿಂತ ಬಡಾವಣೆಯ ಬಾರನ್ನು ನಾನು ಮೇಲೆ ಇಡುತ್ತೇನೆ. ನಡೆದು ಹೋಗುವಷ್ಟು ಹತ್ತಿರವಿಲ್ಲದವರು ರಿಕ್ಷಾದಲ್ಲಿಯೇ ಹೋಗಿ, ಇಳಿಯುವಾಗಲೇ ಚಾಲಕನ ಫೋನ್ ನಂಬರು ಪಡೆದು ಮರಳುವ ಹೊತ್ತನ್ನೂ ಬಾಡಿಗೆಯನ್ನೂ ಮಾತಾಡಿಕೊಳ್ಳಬೇಕು. ರಾತ್ರಿ ಹತ್ತೂವರೆಗೆ ರಸ್ತೆಗೆ ಬಂದು ಕೈ ಅಡ್ಡ ಹಾಕಿದರೆ ನಿಲ್ಲುವ ರಿಕ್ಷಾ ಕಡಿಮೆ, ನಿಂತವನು ಕೇಳುವ ಬಾಡಿಗೆ ಒಂದು ಗ್ಲಾಸು ವೈನಿನ ದರಕ್ಕೆ ಸಮ.